ಹಸಿರು ತತ್ತಿ ಬೇಕಾದರೆ ಮೊದಲು ಹುಂಜ ನೋಡಿ

ಪ್ರಶ್ನೆ: ಸರ್, ನಮ್ಮದು ಜಮಖಂಡಿ ಹತ್ರದ ಹಳ್ಳಿ. ಹಿತ್ತಲದಾಗ ಜವಾರಿ ಕೋಳಿ ಸಾಕೀವಿ. ನೀಲಿ ತತ್ತಿ ಇಡೋ ತಳಿದು ಅಂತ ಹೇಳಿ ಒಬ್ಬರು ಹುಂಜ ಕೊಟ್ಟರು. ಅದಕ್ಕ ಹುಟ್ಟಿದ ಆರು ಹೆಣ್ಣುಮರಿ ಈಗ ತತ್ತಿಗೆ ಬಂದಾವ. ಮೂರು ತಿಳಿ ಹಸಿರು ತತ್ತಿ ಇಡತಾವ, ಉಳಿದ ಮೂರರದ್ದು ಮಾಮೂಲಿ ಬಣ್ಣ. ನಾನು ಮೋಸ ಹೋದ್ನೇನ್ರಿ? ಮೇವು ಬದಲಿಸಿದ್ರ ಎಲ್ಲಾವೂ ಹಸಿರು ಇಡತಾವೇನು?

ಉತ್ತರ: ಪೂರ್ತಿ ಮೋಸವೇನಲ್ಲ. ಹುಂಜದಲ್ಲಿ ನೀಲಿಯ ಗುಣ ಇದೆ, ಆದರೆ ಅರ್ಧ ಮಾತ್ರ. ಅದರ ತಂದೆ ಅಥವಾ ತಾಯಿ, ಯಾರಾದರೂ ಒಬ್ಬರಿಂದಷ್ಟೇ ಆ ಗುಣ ಬಂದಿದೆ. ಅಂಥ ಹುಂಜಕ್ಕೆ ಹುಟ್ಟುವ ಹೆಣ್ಣುಮರಿಗಳಲ್ಲಿ ಸುಮಾರು ಅರ್ಧದಷ್ಟು ಮಾತ್ರ ಬಣ್ಣದ ತತ್ತಿ ಇಡುತ್ತವೆ. ನಿಮ್ಮಲ್ಲಿ ಆಗಿರುವುದೂ ಅದೇ.

ಮೇವಿನಿಂದ ಬದಲಾಗುವುದು ಒಳಗಿನ ಹಳದಿಯ ಬಣ್ಣ, ಸಿಪ್ಪೆಯದ್ದಲ್ಲ. ಒಂದು ಹಸಿರು ತತ್ತಿ ಒಡೆದು, ಸಿಪ್ಪೆಯ ಒಳಗಿನ ತೆಳು ಪೊರೆ ಸುಲಿದು ಬೆಳಕಿಗೆ ಹಿಡಿಯಿರಿ. ಒಳಮೈ ನೀಲಿಯಾಗಿರುತ್ತದೆ. ಬಿಲಿವರ್ಡಿನ್ ಎಂಬ ನೀಲಿ ವರ್ಣದ್ರವ್ಯ ಸಿಪ್ಪೆ ಕಟ್ಟುವಾಗಲೇ ಅದರ ಉದ್ದಗಲಕ್ಕೂ ಸೇರಿಕೊಳ್ಳುತ್ತದೆ. ಕಂದು ಬಣ್ಣ ಹಾಗಲ್ಲ, ಅದು ಕೊನೆಯ ಕೆಲವು ತಾಸಿನಲ್ಲಿ ಮೇಲೆ ಬಳಿದುಕೊಳ್ಳುವ ಪದರು. ಕಂದು ತತ್ತಿಯ ಒಳಮೈ ಬೆಳ್ಳಗಿರುತ್ತದೆ. ನೀಲಿಯ ಮೇಲೆ ನಿಮ್ಮ ಜವಾರಿಯ ತಿಳಿ ಕಂದು ಕೂತಾಗ ಕಣ್ಣಿಗೆ ಹಸಿರು ಕಾಣುತ್ತದೆ. ತಾಯಿ ಕೋಳಿಯ ಕಂದು ಗಾಢವಿದ್ದಷ್ಟೂ ಮಕ್ಕಳ ತತ್ತಿ ಆಲಿವ್ ಬಣ್ಣಕ್ಕೆ ತಿರುಗುತ್ತದೆ.

ಈ ನೀಲಿಯ ಒಂದು ಮೂಲ ದಕ್ಷಿಣ ಅಮೆರಿಕದ ಚಿಲಿ ದೇಶದ ಮಾಪುಚೆ ಜನರ ಕೋಳಿಗಳಲ್ಲಿದೆ. ಅರೌಕಾನಾ ತಳಿ ಬಂದದ್ದು ಅಲ್ಲಿಂದಲೇ. ಬಹಳ ಹಿಂದೆ ಕೋಳಿಯ ವಂಶವಾಹಿಯೊಳಗೆ ಸೇರಿಹೋದ ಒಂದು ವೈರಾಣುವಿನ ತುಣುಕೇ ಇದಕ್ಕೆ ಕಾರಣ ಎಂದು 2013ರಲ್ಲಿ ಸಂಶೋಧಕರು ತೋರಿಸಿದರು. ತಿನ್ನುವವರಿಗೆ ಇದರಿಂದ ಯಾವ ತೊಂದರೆಯೂ ಇಲ್ಲ. ಹಾಗೆಯೇ ಹಸಿರು ತತ್ತಿಯಲ್ಲಿ ಪೌಷ್ಟಿಕಾಂಶ ಹೆಚ್ಚು ಎನ್ನುವುದೂ ನಿಜವಲ್ಲ. ಹಾಗೆ ಹೇಳಿ ಮಾರಬೇಡಿ.

ಮುಂದೇನು? ಹಸಿರು ಇಡುವ ಆ ಮೂರನ್ನು ಉಳಿಸಿಕೊಳ್ಳಿ. ಅವಕ್ಕೆ ಅಪ್ಪನ ಜೊತೆ ಜೋಡಿ ಮಾಡುವ ಬದಲು ಬೇರೆ ರಕ್ತದ, ನೀಲಿ ವಂಶದ ಹುಂಜ ತನ್ನಿ. ಹುಂಜ ತತ್ತಿ ಇಡುವುದಿಲ್ಲವಲ್ಲ, ಅದರ ಗುಣ ಗೊತ್ತಾಗುವುದು ಹೆಣ್ಣುಮರಿಗಳ ತತ್ತಿಯಿಂದಲೇ. ಅದನ್ನು ಮಾಮೂಲಿ ಜವಾರಿ ಕೋಳಿಗಳ ಜೊತೆ ಬಿಟ್ಟು, ಹುಟ್ಟಿದ ಎಂಟು ಹೆಣ್ಣುಮರಿಗಳನ್ನು ತತ್ತಿಗೆ ಬರುವವರೆಗೆ ಸಾಕಿ. ಒಂದೇ ಒಂದು ಮಾಮೂಲಿ ತತ್ತಿ ಇಟ್ಟರೂ ಹುಂಜ ಅರ್ಧ ಗುಣದ್ದು. ಎಂಟೂ ಹಸಿರು ಇಟ್ಟರೆ ಅದು ಅಪ್ಪಟ ಎಂದು ನಂಬಬಹುದು. ಅರ್ಧ ಗುಣದ ಹುಂಜಕ್ಕೆ ಹಾಗೆ ಆಗುವ ಸಾಧ್ಯತೆ 256ರಲ್ಲಿ ಒಂದು. ಐದಾರು ತಿಂಗಳು ಕಾಯಬೇಕು, ಆದರೆ ಇದಕ್ಕಿಂತ ಖಾತ್ರಿಯಾದ ದಾರಿ ಹಿತ್ತಲಿನಲ್ಲಿ ಇಲ್ಲ.

ಮರಿಯಿದ್ದಾಗಲೇ ಸಿಗುವ ಒಂದು ಸುಳಿವೂ ಇದೆ. ಅರೌಕಾನಾ ವಂಶದಲ್ಲಿ ನೀಲಿಯ ಗುಣವೂ ಮೂರು ಸಾಲಿನ ಗಿಡ್ಡ ಜುಟ್ಟಿನ ಗುಣವೂ ಅಕ್ಕಪಕ್ಕ ಇರುವುದರಿಂದ ಸಾಮಾನ್ಯವಾಗಿ ಒಟ್ಟಿಗೇ ಬರುತ್ತವೆ. ನಿಮ್ಮ ಜವಾರಿಗಳದ್ದು ಒಂಟಿ ಗರಗಸದಂಥ ಜುಟ್ಟಾಗಿದ್ದರೆ, ಗಿಡ್ಡ ಜುಟ್ಟಿನ ಮರಿಗಳನ್ನು ಆರಿಸಿ. ಆದರೆ ಅಸೀಲ್ ಎಂಬ ಕಾಳಗದ ಕೋಳಿಯ ರಕ್ತ ಬೆರೆತಿದ್ದರೆ ಈ ಸುಳಿವು ಕೈಕೊಡುತ್ತದೆ, ಏಕೆಂದರೆ ಅಸೀಲ್‌ಗೂ ಅಂಥದೇ ಜುಟ್ಟು.

ಹುಂಜ ಬದಲಿಸಿದ ಕೂಡಲೇ ತತ್ತಿ ಕಾವಿಗೆ ಇಡಬೇಡಿ. ಹಳೆಯ ಹುಂಜದ ವೀರ್ಯ ಕೋಳಿಯ ಹೊಟ್ಟೆಯಲ್ಲಿ ಎರಡು ಮೂರು ವಾರ ಉಳಿದಿರುತ್ತದೆ. ಮೂರು ವಾರ ಕಳೆದ ಮೇಲಿನ ತತ್ತಿಗಳನ್ನೇ ಆರಿಸಿ, ತಂಪು ಜಾಗದಲ್ಲಿ ಚೂಪು ತುದಿ ಕೆಳಗೆ ಮಾಡಿಟ್ಟು, ಏಳು ದಿನದೊಳಗೆ ಕಾವಿಗೆ ಇಡಿ. ಏಪ್ರಿಲ್–ಮೇ ಬಿಸಿಲಿನಲ್ಲಿ ಈ ಕೆಲಸಕ್ಕೆ ಹೋಗಲೇಬೇಡಿ. ಕೋಣೆಯ ಸೆಕೆಗೇ ಮರಿ ಅರ್ಧಂಬರ್ಧ ಬೆಳೆದು ಸಾಯುತ್ತದೆ. ದಸರೆಯಿಂದ ಸಂಕ್ರಾಂತಿವರೆಗೆ ನಿಮ್ಮ ಕಡೆ ಒಳ್ಳೆ ಕಾಲ. ಬೇಸಿಗೆಯಲ್ಲಿ ತತ್ತಿಯ ಬಣ್ಣ ಸ್ವಲ್ಪ ಮಸುಕಾದರೆ ಹೆದರಬೇಡಿ, ಕೋಳಿ ತತ್ತಿ ನಿಲ್ಲಿಸಿ ವಿಶ್ರಾಂತಿ ಪಡೆದ ಮೇಲೆ ಮತ್ತೆ ಗಾಢವಾಗುತ್ತದೆ. ಸಿಪ್ಪೆ ಒಮ್ಮೆಲೇ ಬಿಳಿಚಿಕೊಂಡು, ಜೊತೆಗೆ ಕೋಳಿ ಮಂಕಾಗಿದ್ದರೆ ಮಾತ್ರ ಪಶು ವೈದ್ಯರಿಗೆ ತೋರಿಸಿ. ಹೊಸ ಮರಿಗಳಿಗೆ ಮೊದಲ ವಾರದಲ್ಲೇ ಕೊಕ್ಕರೆ ರೋಗದ ಲಸಿಕೆ ಹಾಕಿಸಿ.

ಬಣ್ಣದ ಆಸೆಗೆ ಜವಾರಿ ತಾಯಿಕೋಳಿಗಳನ್ನು ಮಾತ್ರ ಮಾರಬೇಡಿ. ಕಾವಿಗೆ ಕೂಡುವುದು, ಹದ್ದು ಕಂಡರೆ ಮರಿಗಳನ್ನು ರೆಕ್ಕೆಯಡಿ ಸೇರಿಸಿಕೊಳ್ಳುವುದು, ತಿಪ್ಪೆ ಕೆದರಿ ಹೊಟ್ಟೆ ತುಂಬಿಸಿಕೊಳ್ಳುವುದು ಅವಕ್ಕೆ ಹುಟ್ಟುಗುಣ. ನೀಲಿಯ ಗುಣ ಹುಂಜದ ಕಡೆಯಿಂದ ಬರಲಿ, ಉಳಿದದ್ದೆಲ್ಲ ಈ ತಾಯಂದಿರಿಂದಲೇ ಬರಲಿ.