ಟರ್ಬೊ ಕೋಡ್‌ನ ಎರರ್ ರೇಟ್ ಒಂದು ಮಟ್ಟಕ್ಕೆ ಬಂದು ನಿಂತುಬಿಡುವುದು ಏಕೆ? ಡಿಕೋಡರ್ ತಪ್ಪೋ, ಕೋಡ್ ತಪ್ಪೋ?

ನೀವು ಕೇಳಿರುವುದು ಇಷ್ಟು: ಎಂ.ಟೆಕ್ ಪ್ರಾಜೆಕ್ಟ್‌ಗಾಗಿ 16 ಸ್ಟೇಟ್‌ಗಳ (ಎನ್‌ಕೋಡರ್‌ನ ನೆನಪಿನ ಸ್ಥಿತಿಗಳ) ಮೂಲ ಟರ್ಬೊ ಕೋಡನ್ನು ಸಿಮ್ಯುಲೇಟ್ ಮಾಡುತ್ತಿದ್ದೀರಿ. ಟರ್ಬೊ ಕೋಡ್ ಎಂದರೆ ಒಂದೇ ಮಾಹಿತಿಯನ್ನು ಎರಡು ಎನ್‌ಕೋಡರ್‌ಗಳು ಎರಡು ಕ್ರಮದಲ್ಲಿ ಕೋಡ್ ಮಾಡಿ, ಎರಡು ಡಿಕೋಡರ್‌ಗಳು ಒಂದಕ್ಕೊಂದು ಸುದ್ದಿ ಕೊಟ್ಟುಕೊಂಡು ತಪ್ಪು ತಿದ್ದುವ ವಿಧಾನ. ರೇಟ್ 1/2 (ಕಳಿಸುವ ಬಿಟ್‌ಗಳಲ್ಲಿ ಅರ್ಧ ಮಾತ್ರ ಮಾಹಿತಿ), ಬ್ಲಾಕ್ 1000 ಬಿಟ್, ಎರಡನೆಯ ಎನ್‌ಕೋಡರ್‌ಗೆ ಹೋಗುವ ಮುನ್ನ ಬಿಟ್‌ಗಳ ಕ್ರಮ ಕಲಸುವ ಇಂಟರ್‌ಲೀವರ್ ರ‍್ಯಾಂಡಮ್. ಮೊದಲಿಗೆ ಬಿಟ್ ಎರರ್ ರೇಟ್ ಸರ್ರನೆ ಇಳಿಯುತ್ತದೆ. ಇಬಿ/ಎನ್0 (ನಾಯ್ಸ್‌ಗೆ ಹೋಲಿಸಿದರೆ ಒಂದು ಬಿಟ್‌ನ ಶಕ್ತಿ) 1.5 ಡಿಬಿ ಹತ್ತಿರ ಬಂದಾಗ, ಲಕ್ಷ ಬಿಟ್‌ಗೆ ಒಂದು ತಪ್ಪು ಎನ್ನುವ ಮಟ್ಟಕ್ಕೆ ಬಂದ ಮೇಲೆ ರೇಖೆ ಹೆಚ್ಚುಕಡಿಮೆ ಅಡ್ಡ ಮಲಗುತ್ತದೆ; ಇದನ್ನೇ ಎರರ್ ಫ್ಲೋರ್ ಎನ್ನುತ್ತಾರೆ. ಇಟರೇಷನ್ (ಡಿಕೋಡರ್‌ಗಳ ನಡುವಿನ ಸುತ್ತು) 8ರಿಂದ 20ಕ್ಕೆ ಏರಿಸಿದರೂ ಕದಲುತ್ತಿಲ್ಲ. ಜೊತೆಗೆ, 5ಜಿ ಬಂದ ಮೇಲೂ ಇದನ್ನು ಕಲಿಯಬೇಕೇ ಎಂದೂ ಕೇಳಿದ್ದೀರಿ.

ನಿಮ್ಮ ಡಿಕೋಡರ್ ಬಹುಶಃ ಸರಿಯಾಗಿಯೇ ಇದೆ. ಅದನ್ನು ಖಚಿತಪಡಿಸಿಕೊಳ್ಳಲು ಒಂದು ಕೆಲಸ ಮಾಡಿ: 1.5 ಡಿಬಿಯಲ್ಲಿ ಕೆಟ್ಟುಹೋದ ಫ್ರೇಮ್‌ಗಳನ್ನಷ್ಟೇ (ಬ್ಲಾಕ್‌ಗಳನ್ನಷ್ಟೇ) ತೆಗೆದು, ಒಂದೊಂದರಲ್ಲೂ ಎಷ್ಟು ಬಿಟ್ ತಪ್ಪಿವೆ ಎಂದು ಎಣಿಸಿ. ಬೇಸ್‌ಬ್ಯಾಂಡ್ ಕೆಲಸದಲ್ಲಿ ನಾನು ಮೊದಲು ನೋಡುವುದೇ ಇದನ್ನು. ಎರರ್ ರೇಟ್‌ನ ರೇಖೆಯೊಂದನ್ನೇ ದಿಟ್ಟಿಸಿದರೆ ಏನೂ ತಿಳಿಯುವುದಿಲ್ಲ. ಕೆಟ್ಟ ಫ್ರೇಮ್‌ನಲ್ಲಿ ನೂರಾರು ಬಿಟ್ ತಪ್ಪಿದ್ದರೆ ಇಟರೇಷನ್ ಒಮ್ಮತಕ್ಕೆ ಬಂದಿಲ್ಲ ಎಂದರ್ಥ. ಆಗ ನಾಯ್ಸ್ ಹೆಚ್ಚಿದೆ, ಇಲ್ಲವೇ ಪ್ರೋಗ್ರಾಮ್‌ನಲ್ಲಿ ದೋಷವಿದೆ. ಬರೀ ಎರಡು ಬಿಟ್ ತಪ್ಪಿದ್ದು, ಅವುಗಳ ನಡುವಿನ ಅಂತರ 5 ಇದ್ದರೆ, ಅದೇ ಜೋಡಿ ಫ್ರೇಮ್‌ನಿಂದ ಫ್ರೇಮ್‌ಗೆ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತಿದ್ದರೆ, ಡಿಕೋಡರ್ ಒಮ್ಮತಕ್ಕೆ ಬಂದಿದೆ. ಬಂದದ್ದು ಇನ್ನೊಂದು ಕೋಡ್‌ವರ್ಡ್‌ಗೆ, ಅಂದರೆ ಕೋಡ್ ಒಪ್ಪುವ ಇನ್ನೊಂದು ಬಿಟ್ ಸಾಲಿಗೆ. ಎಷ್ಟೇ ಇಟರೇಷನ್ ಓಡಿಸಿದರೂ ಅದು ಅಲ್ಲಿಂದ ಕದಲುವುದಿಲ್ಲ.

5 ಎಲ್ಲಿಂದ ಬಂತು? ಈ ಕೋಡ್‌ನ ಎರಡೂ ಎನ್‌ಕೋಡರ್‌ಗಳು ರಿಕರ್ಸಿವ್, ಅಂದರೆ ಒಳಗಿರುವುದೇ ಮತ್ತೆ ಒಳಕ್ಕೆ ತಿರುಗುತ್ತದೆ. ಒಂದೇ ಒಂದು 1 ಒಳಗೆ ಹೋದರೆ ಅದರ ಪರಿಣಾಮ ಬ್ಲಾಕ್‌ನ ಕೊನೆಯವರೆಗೂ ಪ್ಯಾರಿಟಿಯಲ್ಲಿ (ತಪ್ಪು ಹಿಡಿಯಲು ಸೇರಿಸುವ ಹೆಚ್ಚುವರಿ ಬಿಟ್‌ಗಳಲ್ಲಿ) ಸುತ್ತುತ್ತಲೇ ಇರುತ್ತದೆ. ನಮಗೆ ಬೇಕಾದದ್ದೂ ಅದೇ, ಪ್ಯಾರಿಟಿಯಲ್ಲಿ ಹೆಚ್ಚು 1ಗಳಿದ್ದಷ್ಟೂ ಗುರುತಿಸುವುದು ಸುಲಭ. ಆದರೆ ಮೂಲ ಕೋಡ್‌ನ ಫೀಡ್‌ಬ್ಯಾಕ್ ಪಾಲಿನಾಮಿಯಲ್ (ಯಾವ ಬಿಟ್‌ಗಳು ಒಳಕ್ಕೆ ತಿರುಗಬೇಕೆಂದು ಹೇಳುವ ಸೂತ್ರ) ಆಕ್ಟಲ್‌ನಲ್ಲಿ 37. ಅದರ ಆವರ್ತ ಕೇವಲ 5. ಮೊದಲ 1ರ ನಂತರ ಐದನೆಯ ಜಾಗದಲ್ಲಿ ಇನ್ನೊಂದು 1 ಬಂದರೆ ಎನ್‌ಕೋಡರ್ ತಕ್ಷಣ ಸೊನ್ನೆ ಸ್ಟೇಟ್‌ಗೆ ಮರಳುತ್ತದೆ, ಪ್ಯಾರಿಟಿಯಲ್ಲಿ ಉಳಿಯುವುದು ನಾಲ್ಕೇ ನಾಲ್ಕು 1. ಇಂಟರ್‌ಲೀವರ್ ದಾಟಿದ ಮೇಲೂ ಆ ಎರಡು ಬಿಟ್‌ಗಳ ಅಂತರ 5 ಆಗಿಯೇ ಉಳಿದರೆ ಎರಡನೆಯ ಎನ್‌ಕೋಡರ್ ಕೂಡ ಹಾಗೆಯೇ ಬೇಗ ಸುಮ್ಮನಾಗುತ್ತದೆ. ಮಾಹಿತಿಯ 2, ಪ್ಯಾರಿಟಿಗಳ 4 ಮತ್ತು 4, ಒಟ್ಟು ತೂಕ (1ಗಳ ಸಂಖ್ಯೆ) 10. ರೇಟ್ 1/2 ಮಾಡಲು ಅರ್ಧ ಪ್ಯಾರಿಟಿಯನ್ನು ಪಂಕ್ಚರ್ ಮಾಡಿ ಕೈಬಿಟ್ಟಿದ್ದೀರಲ್ಲ, ಆಗ ಅದು 6ಕ್ಕೆ ಇಳಿಯಬಹುದು. ಇಷ್ಟು ಹೆಸರು ಮಾಡಿದ ಕೋಡ್‌ನ ಕನಿಷ್ಠ ಅಂತರ (ಎರಡು ಕೋಡ್‌ವರ್ಡ್‌ಗಳ ನಡುವೆ ಬದಲಾಗುವ ಬಿಟ್‌ಗಳ ಕನಿಷ್ಠ ಸಂಖ್ಯೆ) ಬರೀ 6 ಎಂದರೆ ಮೊದಲ ಸಲ ಕೇಳಿದವರಿಗೆ ನಂಬಿಕೆಯೇ ಬರುವುದಿಲ್ಲ.

ಇಂಥ ಜೋಡಿಗಳು ಎಷ್ಟಿರುತ್ತವೆ? 5 ದೂರದ ಜೋಡಿಗಳು ಬ್ಲಾಕ್‌ನ ಉದ್ದದಷ್ಟೇ ಇವೆ. ರ‍್ಯಾಂಡಮ್ ಇಂಟರ್‌ಲೀವರ್ ಆಚೆಗೂ ಒಂದು ಜೋಡಿಯ ಅಂತರ 5 ಆಗಿಯೇ ಉಳಿಯುವ ಸಂಭವ, 2 ಭಾಗಿಸು ಬ್ಲಾಕ್‌ನ ಉದ್ದ. ಗುಣಿಸಿದರೆ ಉದ್ದ ರದ್ದಾಗುತ್ತದೆ: ಬ್ಲಾಕ್ 1000 ಇರಲಿ, 65,536 ಇರಲಿ, ಸರಾಸರಿ ಎರಡು ಕೆಟ್ಟ ಜೋಡಿ ಉಳಿದೇ ಉಳಿಯುತ್ತವೆ. ಬ್ಲಾಕ್ ಉದ್ದವಾದಂತೆ ಫ್ಲೋರ್ ಕೆಳಗಿಳಿಯಲು ಕಾರಣ ಕೆಟ್ಟ ಜೋಡಿಗಳು ಕಡಿಮೆಯಾಗುವುದಲ್ಲ. ಅಷ್ಟೇ ಜೋಡಿಗಳ ತಪ್ಪು ಹೆಚ್ಚು ಬಿಟ್‌ಗಳಿಗೆ ಹಂಚಿಹೋಗುವುದು.

ನಿಮ್ಮ ಸಂಖ್ಯೆಯನ್ನೇ ಹಾಕಿ ನೋಡೋಣ. ಕನಿಷ್ಠ ಅಂತರ 6, ರೇಟ್ 1/2, ಇಬಿ/ಎನ್0 1.5 ಡಿಬಿ. ಕ್ಯೂ ಫಂಕ್ಷನ್‌ನ ಬೆಲೆ, ಅಂದರೆ ನಾಯ್ಸ್ ಒಂದು ಕೋಡ್‌ವರ್ಡನ್ನು ಇನ್ನೊಂದಾಗಿ ಕಾಣಿಸುವ ಸಂಭವ, ಸುಮಾರು 0.0018 ಬರುತ್ತದೆ. ಇಂಥ ಮೂರು ಕೋಡ್‌ವರ್ಡ್ ಇದ್ದು ಒಂದೊಂದರಲ್ಲೂ 2 ಬಿಟ್ ತಪ್ಪಿದರೆ, 6 ಭಾಗಿಸು 1000. ಗುಣಿಸಿ: ಲಕ್ಷಕ್ಕೆ ಒಂದು. ನಿಮ್ಮ ರೇಖೆ ಮಲಗಿದ್ದು ಅಲ್ಲಿಯೇ. ಇಬಿ/ಎನ್0 ಅನ್ನು 2 ಡಿಬಿಗೆ ಏರಿಸಿದರೂ ಕ್ಯೂ ಬೆಲೆ 0.001ಕ್ಕೆ ಇಳಿಯುತ್ತದೆ, ಅಷ್ಟೇ. ರೇಖೆ ಚಪ್ಪಟೆ ಕಾಣುವುದು ಇದಕ್ಕೇ.

ಮೂಲ ಪ್ರಬಂಧದ ಫಲಿತಾಂಶ ಹಾಗಾದರೆ ಅಷ್ಟು ಚೆನ್ನಾಗಿ ಬಂದದ್ದು ಹೇಗೆ? 1993ರಲ್ಲಿ ಜಿನೀವಾದ ಐಸಿಸಿ ಸಂಪರ್ಕ ತಂತ್ರಜ್ಞಾನ ಸಮ್ಮೇಳನದಲ್ಲಿ ಕ್ಲೋಡ್ ಬೆರೂ, ಅಲೈನ್ ಗ್ಲಾವಿಯೂ, ಪುಣ್ಯ ಠಿಟಿಮಾಜ್‌ಶಿಮ ಇದೇ ಕೋಡನ್ನು 65,536 ಬಿಟ್‌ಗಳ ಇಂಟರ್‌ಲೀವರ್ ಹಾಕಿ, 18 ಇಟರೇಷನ್ ಓಡಿಸಿ, 0.7 ಡಿಬಿಯಲ್ಲಿ ಲಕ್ಷಕ್ಕೆ ಒಂದು ತಪ್ಪಿನ ಮಟ್ಟ ಮುಟ್ಟಿಸಿದರು. ಕೋಡಿಂಗ್ ಇಲ್ಲದ ಬಿಪಿಎಸ್‌ಕೆಗೆ (ಎರಡು ಫೇಸ್‌ಗಳಲ್ಲಿ ಒಂದರಿಂದ ಬಿಟ್ ಕಳಿಸುವ ಸರಳ ವಿಧಾನಕ್ಕೆ) ಅದೇ ಮಟ್ಟಕ್ಕೆ 9.6 ಡಿಬಿ ಬೇಕು. ವಾಯೇಜರ್ ನೌಕೆಗಳು ಬಳಸಿದ ರೇಟ್ 1/2 ಕನ್ವಲ್ಯೂಷನಲ್ ಕೋಡ್‌ಗೆ, ವಿಟರ್ಬಿ ಡಿಕೋಡರ್ ಹಾಕಿದಾಗ, ಸುಮಾರು 4.2. ಮೊದಲು ಹಲವರು ನಂಬಲೇ ಇಲ್ಲ, ತಾವೇ ಮಾಡಿ ನೋಡಿದ ಮೇಲೆ ಒಪ್ಪಿದರು. ಅವರ ಬ್ಲಾಕ್ ನಿಮ್ಮದಕ್ಕಿಂತ 65 ಪಟ್ಟು ಉದ್ದ, ಹಾಗಾಗಿ ಫ್ಲೋರ್ ಕೂಡ ಸುಮಾರು ಅಷ್ಟೇ ಪಟ್ಟು ಕೆಳಗಿತ್ತು. ಅವರ ರೇಖೆ ಲಕ್ಷಕ್ಕೆ ಒಂದನ್ನು ಯಾವ ತೊಡಕೂ ಇಲ್ಲದೆ ಮುಟ್ಟಿತು.

ನೀವು ಬದಲಿಸಬೇಕಾದ್ದು ಇಂಟರ್‌ಲೀವರ್. ಎಸ್-ರ‍್ಯಾಂಡಮ್ ಇಂಟರ್‌ಲೀವರ್ ಬರೆಯಿರಿ: ಎಸ್ ದೂರದೊಳಗಿನ ಯಾವ ಎರಡು ಬಿಟ್‌ಗಳೂ ಆಚೆ ಬದಿಯಲ್ಲಿ ಎಸ್ ದೂರದೊಳಗೆ ಬೀಳಬಾರದು, ನಿಯಮ ಇಷ್ಟೇ. ಉದ್ದದ ಅರ್ಧದ ವರ್ಗಮೂಲಕ್ಕಿಂತ ಎಸ್ ಚಿಕ್ಕದಿದ್ದರೆ ಸಾಮಾನ್ಯವಾಗಿ ಹುಡುಕಾಟ ಬೇಗ ಮುಗಿಯುತ್ತದೆ; 1000ಕ್ಕೆ ಅದು 22, ನೀವು 20 ಇಟ್ಟುಕೊಳ್ಳಿ. 5, 10, 15ರ ಅಂತರದ ಕೆಟ್ಟ ಜೋಡಿಗಳೆಲ್ಲ ಒಂದೇ ಏಟಿಗೆ ಹೋಗುತ್ತವೆ. ಎನ್‌ಕೋಡರ್ ಕೂಡ ಬದಲಿಸುವ ಸ್ವಾತಂತ್ರ್ಯವಿದ್ದರೆ 4ಜಿ ಎಲ್‌ಟಿಇಯ 8 ಸ್ಟೇಟ್ ಕೋಡ್ ನೋಡಿ. ಅದರ ಫೀಡ್‌ಬ್ಯಾಕ್ ಪ್ರಿಮಿಟಿವ್ ಪಾಲಿನಾಮಿಯಲ್ (ಆವರ್ತ ಅತಿ ಉದ್ದವಿರುವಂಥದ್ದು), ಆಕ್ಟಲ್ 13. ಸ್ಟೇಟ್‌ಗಳು ಅರ್ಧದಷ್ಟಿದ್ದರೂ ಆವರ್ತ 7. 7 ದೂರದ ಜೋಡಿ ಒಂದೊಂದು ಪ್ಯಾರಿಟಿಯಲ್ಲೂ ಆರು 1 ಹುಟ್ಟಿಸುತ್ತದೆ. ಪಂಕ್ಚರ್ ಮಾಡದೆ ರೇಟ್ 1/3ರಲ್ಲಿ ಬಿಟ್ಟರೆ ಅತಿ ಕೆಟ್ಟ ಜೋಡಿಯ ತೂಕವೂ 14. ಆವರ್ತದ ಆಯ್ಕೆ ಎಷ್ಟು ದೊಡ್ಡದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಒಂದು ವೇಳೆ ಎಣಿಸಿದಾಗ ನೂರಾರು ತಪ್ಪು ಕಂಡರೆ ಡಿಕೋಡರ್ ಬಿಚ್ಚಲೇಬೇಕು. ಮೊದಲು ನೋಡಬೇಕಾದ್ದು, ಒಂದು ಡಿಕೋಡರ್ ಇನ್ನೊಂದಕ್ಕೆ ಏನನ್ನು ಕೊಡುತ್ತಿದೆ ಎಂಬುದನ್ನು. ಒಂದೊಂದು ಡಿಕೋಡರ್ ಬಳಸುವ ಬಿಸಿಜೆಆರ್ ಅಲ್ಗಾರಿದಮ್‌ನಿಂದ ಹೊರಬರುವ ಎಲ್‌ಎಲ್‌ಆರ್‌ನಲ್ಲಿ (ಬಿಟ್ 0 ಅಥವಾ 1 ಎಂಬ ಭರವಸೆಯ ಅಳತೆಯಲ್ಲಿ) ಮೂರು ಪಾಲು ಸೇರಿರುತ್ತವೆ: ಚಾನೆಲ್‌ನಿಂದ ಬಂದ ಮಾಹಿತಿ ಬಿಟ್‌ನ ಪಾಲು, ಇನ್ನೊಂದು ಡಿಕೋಡರ್ ಕೊಟ್ಟ ಪಾಲು, ಮತ್ತು ಈ ಡಿಕೋಡರ್ ತನ್ನ ಪ್ಯಾರಿಟಿಯಿಂದ ಹೊಸದಾಗಿ ಕಂಡುಕೊಂಡ ಎಕ್ಸ್‌ಟ್ರಿನ್ಸಿಕ್ ಪಾಲು. ಮುಂದಕ್ಕೆ ಕಳಿಸಬೇಕಾದ್ದು ಮೂರನೆಯದನ್ನು ಮಾತ್ರ, ಮೊದಲೆರಡನ್ನು ಕಳೆಯಲೇಬೇಕು. ನೀವು ಹೇಳಿದ ಸುದ್ದಿ ಊರೆಲ್ಲ ಸುತ್ತಿ ನಿಮ್ಮ ಕಿವಿಗೇ ಬಂದರೆ ಅದು ಎರಡನೆಯ ಸಾಕ್ಷಿ ಆಗುವುದಿಲ್ಲ. ಕಳೆಯದೆ ಬಿಟ್ಟರೆ ಎಲ್‌ಎಲ್‌ಆರ್‌ಗಳು ಎರಡು ಮೂರು ಇಟರೇಷನ್‌ನಲ್ಲೇ ಉಬ್ಬಿ, ತಪ್ಪು ಬಿಟ್‌ಗಳ ಮೇಲೂ ಡಿಕೋಡರ್‌ಗೆ ಪೂರ್ತಿ ಭರವಸೆ ಬಂದುಬಿಡುತ್ತದೆ. ನನ್ನ ದೃಷ್ಟಿಯಲ್ಲಿ ಬೆರೂ ತಂಡದ ನಿಜವಾದ ಕೊಡುಗೆ ಈ ಕಳೆಯುವ ಲೆಕ್ಕವೇ. ಬಿಸಿಜೆಆರ್ 1974ರಿಂದಲೂ ಇತ್ತು. ಕೋಡ್‌ಗಳನ್ನು ಜೋಡಿಸುವುದು ಅದಕ್ಕೂ ಹಳೆಯದು.

ಆಮೇಲೆ ನಾಯ್ಸ್ ವೇರಿಯನ್ಸ್ (ನಾಯ್ಸ್‌ನ ಪ್ರಮಾಣದ ಅಳತೆ). ಅದರ ಲೆಕ್ಕದಲ್ಲಿ ಕೋಡ್ ರೇಟ್ ಸೇರಿಸದೆ ಬಿಟ್ಟರೆ ರೇಟ್ 1/2ರಲ್ಲಿ ಇಡೀ ರೇಖೆ 3 ಡಿಬಿ ಸರಿಯುತ್ತದೆ. ಚಾನೆಲ್ ಸರಿಯಿದ್ದು, ಡಿಕೋಡರ್‌ಗೆ ಕೊಟ್ಟ ವೇರಿಯನ್ಸ್ ಮಾತ್ರ ತಪ್ಪಿದೆಯೇ ಎಂದು ತಿಳಿಯಲು ಒಂದು ಉಪಾಯವಿದೆ: ಅದೇ ಸ್ಯಾಂಪಲ್‌ಗಳನ್ನು ಬಿಸಿಜೆಆರ್‌ನ ಸರಳ ರೂಪವಾದ ಮ್ಯಾಕ್ಸ್-ಲಾಗ್-ಮ್ಯಾಪ್‌ನಲ್ಲಿ ಓಡಿಸಿ. ಒಳಬರುವ ಎಲ್‌ಎಲ್‌ಆರ್‌ಗಳನ್ನೆಲ್ಲ ಒಂದೇ ಸಂಖ್ಯೆಯಿಂದ ಗುಣಿಸಿದರೂ ಮ್ಯಾಕ್ಸ್-ಲಾಗ್‌ನ ತೀರ್ಮಾನ ಬದಲಾಗದು, ನಿಖರ ರೂಪವಾದ ಲಾಗ್-ಮ್ಯಾಪ್‌ನದು ಬದಲಾಗುತ್ತದೆ. ಸರಿಯಾಗಿ ಬರೆದ ಲಾಗ್-ಮ್ಯಾಪ್ ಒಂದಿಷ್ಟು ಮುಂದಿರಬೇಕು. ಅದೇ ಹಿಂದೆ ಬಿದ್ದರೆ ವೇರಿಯನ್ಸ್ ಸಾಲನ್ನು ನೋಡಿ. ಮ್ಯಾಕ್ಸ್-ಲಾಗ್ ಇಟ್ಟುಕೊಳ್ಳುವುದಾದರೆ ಎಕ್ಸ್‌ಟ್ರಿನ್ಸಿಕ್ ಅನ್ನು 0.7 ಅಥವಾ 0.75ರಿಂದ ಗುಣಿಸಿ, ಕಳೆದುಕೊಂಡದ್ದರಲ್ಲಿ ಬಹುಪಾಲು ಹಿಂದೆ ಬರುತ್ತದೆ. ಎರಡನೆಯ ಎನ್‌ಕೋಡರ್‌ಗೆ ಟೇಲ್ ಬಿಟ್ (ಕೊನೆಯಲ್ಲಿ ಸೊನ್ನೆ ಸ್ಟೇಟ್‌ಗೆ ತರುವ ಬಿಟ್) ಹಾಕದಿದ್ದರೆ ಅದರ ಬೀಟಾವನ್ನು (ಕೊನೆಯಿಂದ ಹಿಂದಕ್ಕೆ ಬರುವ ಲೆಕ್ಕವನ್ನು) ಎಲ್ಲ ಸ್ಟೇಟ್‌ಗಳಿಗೂ ಸಮವಾಗಿ ಇಟ್ಟು ಶುರುಮಾಡಿ.

5ಜಿ ವಿಚಾರ. 5ಜಿ ಡೇಟಾಗೆ ಎಲ್‌ಡಿಪಿಸಿ, ಕಂಟ್ರೋಲ್‌ಗೆ ಪೋಲಾರ್ ಎಂಬ ಬೇರೆ ಕೋಡ್‌ಗಳು ಬಂದದ್ದು ನಿಜ. ಬಿಸಿಜೆಆರ್ ಟ್ರೆಲಿಸ್ (ಸ್ಟೇಟ್‌ಗಳ ಹಂತಹಂತದ ನಕ್ಷೆ) ಮೇಲೆ ಹೆಜ್ಜೆ ಹೆಜ್ಜೆಯಾಗಿ ಮುಂದೆ ಹೋಗಿ ಹಿಂದೆ ಬರಬೇಕು. ಸೆಕೆಂಡಿಗೆ ಹತ್ತಾರು ಗಿಗಾಬಿಟ್ ಬೇಕಾದಾಗ, ಸಾವಿರಾರು ಲೆಕ್ಕಗಳನ್ನು ಒಟ್ಟಿಗೆ ಮಾಡಬಲ್ಲ ಎಲ್‌ಡಿಪಿಸಿ ಚಿಪ್‌ಗೆ ಹಗುರ. ಆದರೂ 4ಜಿ ಫೋನಿನ ಡೇಟಾ ಇಂದಿಗೂ ಟರ್ಬೊ ಕೋಡ್ ಮೇಲೆ ಹರಿಯುತ್ತದೆ. 2015ರಲ್ಲಿ ಪ್ಲೂಟೊ ಪಕ್ಕದಲ್ಲಿ ಹಾದುಹೋದ ನ್ಯೂ ಹೊರೈಜನ್ಸ್ ನೌಕೆ ತನ್ನ ಚಿತ್ರಗಳನ್ನು ಕಳಿಸಿದ್ದೂ ಟರ್ಬೊ ಕೋಡ್ ಮೂಲಕ. ಗ್ಯಾಲಗರ್ 1960ರಲ್ಲೇ ಎಂಐಟಿಯಲ್ಲಿ ಬರೆದಿಟ್ಟಿದ್ದ ಎಲ್‌ಡಿಪಿಸಿಯನ್ನು 1990ರ ದಶಕದ ನಡುವೆ ಮತ್ತೆ ಹೊರತೆಗೆಯಲು ಟರ್ಬೊ ಕೋಡ್‌ನ ಗೆಲುವೇ ದೊಡ್ಡ ಪ್ರೇರಣೆ. ಅಲ್ಲಿಯೂ ನೋಡ್‌ನಿಂದ ನೋಡ್‌ಗೆ ಹೋಗುವುದು ಎಕ್ಸ್‌ಟ್ರಿನ್ಸಿಕ್ ಮಾತ್ರ, ಅಲ್ಲಿಯೂ ಫ್ಲೋರ್ ಇದೆ, ಕಾರಣ ಬೇರೆ. ಈಗ ಕಷ್ಟಪಟ್ಟು ಕಲಿಯುತ್ತಿರುವುದರಲ್ಲಿ ನಿಮಗೆ ವ್ಯರ್ಥವಾಗುವುದು ಬಹಳ ಕಡಿಮೆ.

ಹೊಸ ಇಂಟರ್‌ಲೀವರ್ ಹಾಕಿದ ಮೇಲೆ ಒಂದೊಂದು ಬಿಂದುವಿಗೂ ಕನಿಷ್ಠ 100 ಕೆಟ್ಟ ಫ್ರೇಮ್ ಸಿಗುವವರೆಗೆ ಓಡಿಸಿ. ಫ್ಲೋರ್ ಇರುವ ಕಡೆ ಅದಕ್ಕೆ ಲ್ಯಾಪ್‌ಟಾಪ್ ರಾತ್ರಿಯಿಡೀ ಓಡಬೇಕಾಗಬಹುದು, ಆದರೆ ಐದಾರು ಕೆಟ್ಟ ಫ್ರೇಮ್‌ಗಳಿಂದ ಎಳೆದ ರೇಖೆಯನ್ನು ವೈವಾದಲ್ಲಿ ಯಾರೂ ಒಪ್ಪುವುದಿಲ್ಲ. ಬಿಟ್ ಎರರ್ ಪಕ್ಕದಲ್ಲಿ ಫ್ರೇಮ್ ಎರರ್ ರೇಟನ್ನೂ ಬಿಡಿಸಿ.