ಕ್ರೀಡಾ ಪ್ರಶ್ನೋತ್ತರ: ಕಿಂಗ್ಸ್ ಮತ್ತು ವಾರಿಯರ್ಸ್ ಮುಖಾಮುಖಿ

(ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಆದ ಎನ್‌ಬಿಎಯ ಪ್ಲೇಆಫ್‌, ಅಂದರೆ ಪ್ರಶಸ್ತಿಗಾಗಿ ನಡೆಯುವ ನಾಕೌಟ್ ಹಂತ, 2023ರ ಏಪ್ರಿಲ್ 15ರಂದು ಮೊದಲ ಸುತ್ತಿನೊಂದಿಗೆ ಆರಂಭವಾಗುವ ಮುನ್ನ ಬರೆದದ್ದು ಇದು. ಬಂದಿರುವ ಪ್ರಶ್ನೆಗಳಲ್ಲಿ ಹೆಚ್ಚಿನವು ಸ್ಯಾಕ್ರಮೆಂಟೊ ಕಿಂಗ್ಸ್ ಮತ್ತು ಗೋಲ್ಡನ್ ಸ್ಟೇಟ್ ವಾರಿಯರ್ಸ್ ಸರಣಿಯನ್ನು ಕುರಿತವೇ ಆಗಿರುವುದರಿಂದ ಈ ಸಲದ ಅಂಕಣವನ್ನು ಅದಕ್ಕೇ ಮೀಸಲಿಡಲಾಗಿದೆ.)

ಪ್ರಶ್ನೆ: ಕಿಂಗ್ಸ್‌ಗೆ ಮೂರನೇ ಶ್ರೇಯಾಂಕ, ವಾರಿಯರ್ಸ್‌ಗೆ ಆರನೇ ಶ್ರೇಯಾಂಕ. ಹಾಗಿದ್ದೂ ಹೆಚ್ಚಿನ ವಿಶ್ಲೇಷಕರು ವಾರಿಯರ್ಸ್ ಕಡೆಗೇ ವಾಲಿರುವುದೇಕೆ? ಸರಣಿಯ ನಿಯಮವನ್ನೂ ತಿಳಿಸಿ.

ಉತ್ತರ: ನಿಯಮ ಸರಳವಾಗಿದೆ. ಏಳು ಪಂದ್ಯಗಳಲ್ಲಿ ಮೊದಲು ನಾಲ್ಕನ್ನು ಗೆದ್ದ ತಂಡ ಮುಂದಿನ ಸುತ್ತಿಗೆ ಹೋಗುತ್ತದೆ. ಮೇಲಿನ ಶ್ರೇಯಾಂಕದ ಕಿಂಗ್ಸ್ ತಂಡ 1, 2, 5 ಮತ್ತು 7ನೆಯ ಪಂದ್ಯಗಳನ್ನು ತನ್ನ ಊರಿನಲ್ಲಿ ಆಡುತ್ತದೆ. 3, 4 ಮತ್ತು 6ನೆಯ ಪಂದ್ಯಗಳು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ನಡೆಯುತ್ತವೆ. ಐದು, ಆರು ಅಥವಾ ಏಳನೆಯ ಪಂದ್ಯ ಬೇಕಾಗದಿದ್ದರೆ ನಡೆಯುವುದಿಲ್ಲ.

ವಿಶ್ಲೇಷಕರು ವಾರಿಯರ್ಸ್ ಕಡೆ ವಾಲಲು ಮುಖ್ಯ ಕಾರಣ ಅನುಭವ. ಸ್ಟೆಫನ್ ಕರಿ, ಕ್ಲೇ ಥಾಂಪ್ಸನ್, ಡ್ರೇಮಂಡ್ ಗ್ರೀನ್ ಈ ಮೂವರೂ 2015, 2017, 2018 ಮತ್ತು ಕಳೆದ ವರ್ಷ 2022ರಲ್ಲಿ ಪ್ರಶಸ್ತಿ ಗೆದ್ದವರು. ಎದುರಿಗಿರುವ ಕಿಂಗ್ಸ್ ತಂಡ 2006ರ ನಂತರ ಪ್ಲೇಆಫ್ ಮುಖವನ್ನೇ ನೋಡಿಲ್ಲ. ಸತತ 16 ಋತುಗಳು ಹೀಗೆ ಹೊರಗುಳಿದದ್ದು ಲೀಗ್‌ನ ಇತಿಹಾಸದಲ್ಲೇ ಅತಿ ದೀರ್ಘ ಬರಗಾಲ. ತಂಡದ ನಾಯಕಸ್ಥಾನದಲ್ಲಿರುವ ಡಿಆರನ್ ಫಾಕ್ಸ್ ಅವರಿಗೆ ಇದೇ ಮೊದಲ ಪ್ಲೇಆಫ್.

ಎರಡನೆಯ ಕಾರಣವಾಗಿ ಈ ಋತುವಿನ ನಾಲ್ಕು ಮುಖಾಮುಖಿಗಳಲ್ಲಿ ವಾರಿಯರ್ಸ್ ಮೂರನ್ನು ಗೆದ್ದಿರುವುದನ್ನು ಹೇಳುತ್ತಾರೆ. ಇದಕ್ಕೆ ನಾನು ಹೆಚ್ಚು ಬೆಲೆ ಕೊಡುವುದಿಲ್ಲ. ಮೊದಲ ಮೂರು ಪಂದ್ಯಗಳು ನವೆಂಬರ್ ಮಧ್ಯದೊಳಗೇ ಮುಗಿದಿದ್ದವು. ಹೊಸ ಕೋಚ್ ಕೈಕೆಳಗೆ ಕಿಂಗ್ಸ್ ಇನ್ನೂ ಹದಗೊಳ್ಳುತ್ತಿದ್ದ ಕಾಲ ಅದು. ಕಳೆದ ವಾರದ ನಾಲ್ಕನೆಯ ಪಂದ್ಯಕ್ಕೆ ಕಿಂಗ್ಸ್ ಪೂರ್ಣ ಬಲದಲ್ಲಿ ಇಳಿದಿರಲಿಲ್ಲ. ಹಾಗಾಗಿ ಈಗಿನ ಕಿಂಗ್ಸ್ ಮತ್ತು ಈಗಿನ ವಾರಿಯರ್ಸ್ ಎದುರುಬದುರು ನಿಂತದ್ದು ಇನ್ನೂ ಇಲ್ಲವೆಂದೇ ಹೇಳಬೇಕು.

ಪ್ರಶ್ನೆ: ತವರಿನಲ್ಲಿ ಹುಲಿಯಂತಿರುವ ವಾರಿಯರ್ಸ್ ಹೊರಗೆ ಹೋದರೆ ಸೋಲುತ್ತಲೇ ಇದೆ. ನಾಲ್ಕು ಪಂದ್ಯಗಳು ಸ್ಯಾಕ್ರಮೆಂಟೊದಲ್ಲಿ ಎಂದ ಮೇಲೆ ಗೆಲುವು ಸಾಧ್ಯವೇ?

ಉತ್ತರ: ಈ ಸರಣಿಯ ನಿಜವಾದ ಒಗಟು ನಿಮ್ಮ ಪ್ರಶ್ನೆಯಲ್ಲಿದೆ. ವಾರಿಯರ್ಸ್ ತವರಿನಲ್ಲಿ 33 ಗೆಲುವು, 8 ಸೋಲು ಕಂಡಿದೆ. ಹೊರಗಿನ ಲೆಕ್ಕ 11 ಗೆಲುವು, 30 ಸೋಲು. ಹಾಲಿ ಚಾಂಪಿಯನ್ ತಂಡವೊಂದು ಊರು ಬಿಟ್ಟೊಡನೆ ಇಷ್ಟು ಬದಲಾಗುವುದು ವಿಚಿತ್ರವೇ ಸರಿ, ಮತ್ತು ಇದನ್ನು ಬರೀ ದುರದೃಷ್ಟವೆಂದು ತಳ್ಳಿಹಾಕಲು ಬರುವುದಿಲ್ಲ. ಹೊರಗಿನ ಪಂದ್ಯಗಳಲ್ಲಿ ಕುಸಿದದ್ದು ದಾಳಿಗಿಂತ ಹೆಚ್ಚಾಗಿ ರಕ್ಷಣೆ. ಅನಗತ್ಯ ಫೌಲ್‌ಗಳು, ಗಡಿಬಿಡಿಯ ಪಾಸ್‌ಗಳಿಂದ ಕೈತಪ್ಪಿದ ಚೆಂಡು, ಅದರಿಂದ ಎದುರಾಳಿಗೆ ದಕ್ಕಿದ ಸುಲಭ ಬುಟ್ಟಿಗಳು, ಇವೆಲ್ಲ ಸೇರಿ ಮುನ್ನಡೆಯಲ್ಲಿದ್ದ ಪಂದ್ಯಗಳೂ ಜಾರಿಹೋದವು. ವೇಗದ ಆಟವನ್ನೇ ನೆಚ್ಚಿಕೊಂಡಿರುವ ಕಿಂಗ್ಸ್‌ಗೆ ಇಂತಹ ಧಾರಾಳತನಕ್ಕಿಂತ ಬೇರೆ ಉಡುಗೊರೆ ಬೇಕಿಲ್ಲ.

ಆದರೆ ಆ ಅಂಕಿಗಳ ಹಿಂದೆ ಯಾರಿದ್ದರು, ಯಾರಿರಲಿಲ್ಲ ಎಂಬುದನ್ನೂ ನೋಡಬೇಕಾಗುತ್ತದೆ. 82 ಪಂದ್ಯಗಳಲ್ಲಿ ಕರಿ ಆಡಿದ್ದು 56 ಮಾತ್ರ. ಕಳೆದ ವರ್ಷದ ಪ್ರಶಸ್ತಿಯಲ್ಲಿ ಎದುರಾಳಿಯ ಮುಖ್ಯ ಆಟಗಾರನನ್ನು ಕಟ್ಟಿಹಾಕುವ ಹೊಣೆ ಹೊತ್ತಿದ್ದ ಆಂಡ್ರ್ಯೂ ವಿಗಿನ್ಸ್ ಆಡಿದ್ದು 37. ಕೌಟುಂಬಿಕ ಕಾರಣದಿಂದ ಫೆಬ್ರುವರಿ ಮಧ್ಯದಿಂದ ದೂರವಿದ್ದ ಅವರು ಈಗ ತಂಡಕ್ಕೆ ಮರಳಿದ್ದಾರೆ. ಚೆಂಡು ಹಿಡಿದವನ ಬೆನ್ನು ಬಿಡದೆ ಕಾಡುವ ಕಿರಿಯ ಗ್ಯಾರಿ ಪೇಟನ್ ಕೂಡ ಫೆಬ್ರುವರಿಯ ವಿನಿಮಯದಲ್ಲಿ ಹಿಂತಿರುಗಿದ್ದಾರೆ. ಹನ್ನೊಂದೇ ಗೆಲುವು ಕಂಡ ತಂಡ ಮತ್ತು ಈಗ ಸ್ಯಾಕ್ರಮೆಂಟೊಗೆ ಬರುವ ತಂಡ ಒಂದೇ ಅಲ್ಲ.

ಇನ್ನೊಂದು ವಿಷಯ. ಸ್ಯಾನ್ ಫ್ರಾನ್ಸಿಸ್ಕೊದಿಂದ ಸ್ಯಾಕ್ರಮೆಂಟೊಗೆ ಇರುವ ದೂರ ಸುಮಾರು 140 ಕಿಲೋಮೀಟರ್. ವಿಮಾನದ ದಣಿವಾಗಲಿ, ಕಾಲಮಾನದ ವ್ಯತ್ಯಾಸವಾಗಲಿ ಇಲ್ಲಿ ನೆಪವಾಗಲಾರದು. ಇದಕ್ಕಿಂತ ಮುಖ್ಯವಾಗಿ, ಈ ತಂಡ ಸತತ 27 ಪ್ಲೇಆಫ್ ಸರಣಿಗಳಲ್ಲಿ ಹೊರಗಿನ ಅಂಗಣದಲ್ಲಿ ಕನಿಷ್ಠ ಒಂದು ಪಂದ್ಯವನ್ನಾದರೂ ಗೆದ್ದುಕೊಂಡು ಬಂದಿದೆ. ಇದು ಲೀಗ್‌ನ ದಾಖಲೆ. ತವರಿನ ಮೂರನ್ನೂ ಉಳಿಸಿಕೊಂಡರೆ ಅದಕ್ಕೆ ಬೇಕಾದದ್ದು ಆ ಒಂದೇ ಗೆಲುವು. ಕಿಂಗ್ಸ್ ತವರಿನಲ್ಲಿ 23 ಗೆದ್ದು 18 ಸೋತಿದ್ದರೆ, ಹೊರಗೆ 25 ಗೆದ್ದು 16 ಸೋತಿರುವುದು ಎಂಬ ಸಂಗತಿಯನ್ನೂ ಮರೆಯಬಾರದು. ತಮ್ಮ ಅಂಗಣಕ್ಕಿಂತ ಪರರ ಅಂಗಣದಲ್ಲಿ ಚೆನ್ನಾಗಿ ಆಡಿದ ತಂಡವನ್ನು ಎದುರಿಸುವಾಗ ತವರು ಅಂಗಣವಾದ ಚೇಸ್ ಸೆಂಟರ್‌ನ ಮೂರು ಪಂದ್ಯಗಳು ವಾರಿಯರ್ಸ್ ಕಿಸೆಯಲ್ಲೇ ಇವೆ ಎಂದುಕೊಳ್ಳುವುದೂ ಆತುರವಾದೀತು.

ಪ್ರಶ್ನೆ: ಸಬೋನಿಸ್ ಅವರು ಹೆಚ್ಚು ಅಂಕ ಗಳಿಸುವವರೂ ಅಲ್ಲ, ದೂರದಿಂದ ಎಸೆಯುವವರೂ ಅಲ್ಲ. ಹಾಗಿದ್ದೂ ಕಿಂಗ್ಸ್ ದಾಳಿಯ ಜೀವಾಳ ಅವರೇ ಎನ್ನುತ್ತಾರಲ್ಲ, ಹೇಗೆ?

ಉತ್ತರ: ಪಂದ್ಯಕ್ಕೆ ಸರಾಸರಿ 19 ಅಂಕವೇನೂ ಕಡಿಮೆಯಲ್ಲ. ಆದರೆ ನೀವು ಹೇಳಿದ ಹಾಗೆ, ಡೊಮಾಂಟಾಸ್ ಸಬೋನಿಸ್ ಅವರ ಬೆಲೆ ಅಲ್ಲಿಲ್ಲ. ಪಂದ್ಯಕ್ಕೆ 12.3ರಂತೆ ಈ ಋತುವಿನಲ್ಲಿ ಲೀಗ್‌ನಲ್ಲೇ ಅತಿ ಹೆಚ್ಚು ರೀಬೌಂಡ್ (ಬುಟ್ಟಿಗೆ ಬೀಳದೆ ಮರಳಿದ ಚೆಂಡು) ಹಿಡಿದವರು ಅವರು. ಅದರ ಜೊತೆಗೆ ಏಳಕ್ಕಿಂತ ಹೆಚ್ಚು ಅಸಿಸ್ಟ್‌ಗಳು, ಅಂದರೆ ಜೊತೆಗಾರ ಬುಟ್ಟಿ ಹಾಕಲು ನೆರವಾದ ಪಾಸ್‌ಗಳು. ಡಿಸೆಂಬರ್‌ನಲ್ಲಿ ಬಲಗೈ ಹೆಬ್ಬೆರಳಿನ ಮೂಳೆ ಮುರಿದ ಮೇಲೂ ಶಸ್ತ್ರಚಿಕಿತ್ಸೆಗೆ ಹೋಗದೆ ಪಟ್ಟಿ ಕಟ್ಟಿಕೊಂಡು ಆಡುತ್ತಿದ್ದಾರೆ.

ಅವರ ಆಟವನ್ನು ಹೀಗೆ ಗಮನಿಸಿ. ಬುಟ್ಟಿಯಿಂದ ಸುಮಾರು ಹದಿನೈದು ಅಡಿ ದೂರದ ಫ್ರೀ ಥ್ರೋ ಗೆರೆಯ ಒಂದು ತುದಿಯ ಹತ್ತಿರ ಅಥವಾ ಅದಕ್ಕಿಂತ ತುಸು ಮೇಲೆ ಸಬೋನಿಸ್ ಚೆಂಡು ಹಿಡಿದು ನಿಲ್ಲುತ್ತಾರೆ. ಮೂಲೆಯಿಂದ ಜೊತೆಗಾರ ಕೆವಿನ್ ಹರ್ಟರ್ ಓಡಿ ಬರುತ್ತಾರೆ. ಇಬ್ಬರೂ ಒಬ್ಬರನ್ನೊಬ್ಬರು ಸವರಿಕೊಂಡು ಹಾಯುವ ಕ್ಷಣದಲ್ಲಿ ಚೆಂಡು ಕೈಯಿಂದ ಕೈಗೆ ಹೋಗುತ್ತದೆ, ಸಬೋನಿಸ್ ಅವರ ಭಾರೀ ದೇಹವೇ ಹಿಂಬಾಲಿಸುತ್ತಿರುವ ರಕ್ಷಕನಿಗೆ ಗೋಡೆಯಾಗುತ್ತದೆ. ರಕ್ಷಕ ಆ ಗೋಡೆಯ ಹಿಂದಿನಿಂದ ಸುತ್ತಿ ಬಂದರೆ ಹರ್ಟರ್ ಅಲ್ಲೇ ನಿಂತು ಮೂರು ಅಂಕಕ್ಕೆ ಎಸೆಯುತ್ತಾರೆ. ಅವರ ಬೆನ್ನಿಗಂಟಿಕೊಂಡು ಬಂದರೆ ಒಳಗೆ ನುಗ್ಗುತ್ತಾರೆ. ಕೊಡುವ ಮುನ್ನವೇ ಊಹಿಸಿ ಅಡ್ಡ ಬಂದರೆ ಹರ್ಟರ್ ದಿಕ್ಕು ಬದಲಿಸಿ ಬುಟ್ಟಿಯತ್ತ ಓಡುತ್ತಾರೆ, ಸಬೋನಿಸ್ ನೆಲಕ್ಕೆ ಬಡಿದು ಕೊಡುವ ಪಾಸ್ ಅವರ ಕೈಗೆ ಬರುತ್ತದೆ. ಇದೇ ಜಾಗದಲ್ಲಿ ಮಲಿಕ್ ಮಂಕ್, ಕೀಗನ್ ಮರ್ರೆ, ಫಾಕ್ಸ್ ಯಾರು ಬೇಕಾದರೂ ಬರಬಹುದು. ಮರ್ರೆ ತಮ್ಮ ಮೊದಲ ಋತುವಿನಲ್ಲೇ 206 ಬಾರಿ ಮೂರು ಅಂಕದ ಬುಟ್ಟಿ ಹಾಕಿ ಹೊಸ ಆಟಗಾರರ ದಾಖಲೆಯನ್ನೇ ಮುರಿದವರು. ಪಂದ್ಯಕ್ಕೆ 120ಕ್ಕಿಂತ ಹೆಚ್ಚು ಅಂಕಗಳೊಂದಿಗೆ ಕಿಂಗ್ಸ್ ಲೀಗ್‌ನ ಮೊದಲ ಸ್ಥಾನದಲ್ಲಿರುವುದು ಈ ಒಂದು ಯುಕ್ತಿಯ ಹತ್ತಾರು ರೂಪಗಳಿಂದ.

ಇದನ್ನು ಮುರಿಯುವುದು ಹೇಗೆ ಎಂಬುದನ್ನು ವಾರಿಯರ್ಸ್‌ಗಿಂತ ಚೆನ್ನಾಗಿ ಬಲ್ಲವರು ಕಡಿಮೆ, ಏಕೆಂದರೆ ಗ್ರೀನ್ ಚೆಂಡು ಹಿಡಿದು ನಿಂತು ಕರಿ ಸುತ್ತ ಓಡುವ ಅವರದೇ ಆಟ ಇದರ ಹತ್ತಿರದ ಸಂಬಂಧಿ. ನನ್ನ ಊಹೆಯೆಂದರೆ, ವಾರಿಯರ್ಸ್‌ನ ಕೆವಾನ್ ಲೂನಿ ಅವರು ಸಬೋನಿಸ್ ಹತ್ತಿರಕ್ಕೆ ಹೋಗದೆ ಎರಡು ಮೂರು ಹೆಜ್ಜೆ ಹಿಂದೆಯೇ ಉಳಿಯುತ್ತಾರೆ. ದೂರದಿಂದ ಎಸೆಯುವುದಾದರೆ ಎಸೆ ಎಂಬ ಸವಾಲು ಅದು. ಹಾಗೆ ಹಿಂದೆ ನಿಂತವರು ಒಳಗೆ ನುಗ್ಗುವವರ ದಾರಿಯನ್ನೂ ಮುಚ್ಚುತ್ತಾರೆ, ರೀಬೌಂಡ್‌ಗೂ ಸಿದ್ಧವಾಗಿರುತ್ತಾರೆ. ಆಗ ಸಬೋನಿಸ್ ಆ ಹದಿನೈದು ಅಡಿಯ ಎಸೆತವನ್ನು ಹಿಂಜರಿಯದೆ ಎಸೆಯಬೇಕಾಗುತ್ತದೆ. ಅವರು ಹಿಂಜರಿದರೆ ಇಡೀ ದಾಳಿಯೇ ಹಿಂಜರಿಯುತ್ತದೆ. ಸರಣಿ ತೀರ್ಮಾನವಾಗುವುದು ಆ ಎರಡು ಮೂರು ಹೆಜ್ಜೆಗಳ ಖಾಲಿ ಜಾಗದಲ್ಲಿ ಎಂದು ನಾನು ಭಾವಿಸುತ್ತೇನೆ. ಸತತ ಎರಡು ಋತುಗಳಲ್ಲಿ ಒಂದೂ ಪಂದ್ಯ ತಪ್ಪಿಸದ ಲೂನಿ ಅವರ ಹೆಸರು ಶೀರ್ಷಿಕೆಗಳಲ್ಲಿ ಬರುವುದು ಅಪರೂಪ. ಈ ಸಲ ಬರಬಹುದು.

ಪ್ರಶ್ನೆ: ಕರಿ ಮತ್ತು ಫಾಕ್ಸ್, ಇಬ್ಬರಲ್ಲಿ ಯಾರು ಮೇಲು?

ಉತ್ತರ: ಒಟ್ಟಾರೆಯಾಗಿ ಕರಿ, ಇದರಲ್ಲಿ ಚರ್ಚೆಯಿಲ್ಲ. 35ನೆಯ ವಯಸ್ಸಿನಲ್ಲಿ ಪಂದ್ಯಕ್ಕೆ 29.4 ಅಂಕ ಗಳಿಸಿರುವ ಅವರನ್ನು ತಡೆಯಲು ಕಿಂಗ್ಸ್ ಡೇವಿಯನ್ ಮಿಚೆಲ್ ಅವರನ್ನು ಬೆಂಚಿನಿಂದ ಕಳಿಸುತ್ತದೆ. ಎತ್ತರ ಕಡಿಮೆಯಾದರೂ ಮಿಚೆಲ್ ಜಿಗುಟು ರಕ್ಷಕ. ಆದರೆ ಮಿಚೆಲ್ ಅಂಗಣದಲ್ಲಿದ್ದಷ್ಟು ಹೊತ್ತು ಕಿಂಗ್ಸ್‌ಗೆ ಒಬ್ಬ ಎಸೆತಗಾರ ಕಡಿಮೆಯಾಗುತ್ತಾನೆ, ಆ ವ್ಯಾಪಾರ ಲಾಭದ್ದೇ ಎಂಬುದನ್ನು ಕಾದು ನೋಡಬೇಕು.

ಆದರೆ ಪಂದ್ಯದ ಕೊನೆಯ ಐದು ನಿಮಿಷಗಳಲ್ಲಿ ಅಂತರ ಐದು ಅಂಕಗಳೊಳಗಿದ್ದರೆ ಈ ಋತುವಿನಲ್ಲಿ ಫಾಕ್ಸ್ ಅವರಿಗಿಂತ ಹೆಚ್ಚು ಅಂಕ ಗಳಿಸಿದವರು ಲೀಗ್‌ನಲ್ಲಿ ಯಾರೂ ಇಲ್ಲ. ಅಂತಹ ಗಳಿಗೆಯ ಆಟಗಾರನಿಗೆಂದು ಈ ವರ್ಷ ಹೊಸದಾಗಿ ಸ್ಥಾಪಿಸಿರುವ ಪ್ರಶಸ್ತಿ ಅವರಿಗೇ ಸಲ್ಲಬೇಕೆಂಬುದು ನನ್ನ ಮತ. ಎಡಗೈ ಆಟಗಾರನ ಮಿಂಚಿನ ಓಟ, ಒಮ್ಮೆಗೇ ನಿಂತು ಹತ್ತು ಹನ್ನೆರಡು ಅಡಿಯಿಂದ ಎಸೆಯುವ ರೀತಿ ಇವುಗಳಿಗೆ ಪೇಟನ್ ಮತ್ತು ವಿಗಿನ್ಸ್ ಸರದಿಯಲ್ಲಿ ಉತ್ತರ ಕೊಡಬೇಕಾಗುತ್ತದೆ. ಎರಡು ತಿಂಗಳು ಆಟದಿಂದ ದೂರವಿದ್ದ ವಿಗಿನ್ಸ್ ಅವರ ಕಾಲುಗಳು ನಾಲ್ಕನೆಯ ಕ್ವಾರ್ಟರ್‌ನಲ್ಲಿ ಎಷ್ಟು ಚುರುಕಾಗಿರುತ್ತವೆ ಎಂಬುದೊಂದೇ ಅಳುಕು.

ಪ್ರಶ್ನೆ: ಕಿಂಗ್ಸ್ ಕೋಚ್ ಮೈಕ್ ಬ್ರೌನ್ ಕಳೆದ ವರ್ಷದವರೆಗೆ ವಾರಿಯರ್ಸ್‌ನಲ್ಲೇ ಇದ್ದರು. ಗುಟ್ಟುಗಳೆಲ್ಲ ಅವರಿಗೆ ಗೊತ್ತಿರುವುದು ದೊಡ್ಡ ಅನುಕೂಲವಲ್ಲವೇ?

ಉತ್ತರ: ಬ್ರೌನ್ ಆರು ಋತುಗಳ ಕಾಲ ವಾರಿಯರ್ಸ್ ಕೋಚ್ ಸ್ಟೀವ್ ಕೆರ್ ಅವರ ಸಹಾಯಕರಾಗಿದ್ದರು. 2017ರ ಪ್ಲೇಆಫ್‌ನಲ್ಲಿ ಕೆರ್ ಬೆನ್ನುನೋವಿನಿಂದ ಹೊರಗುಳಿದಾಗ ತಂಡವನ್ನು ನಡೆಸಿ ಹನ್ನೊಂದು ಪಂದ್ಯಗಳನ್ನೂ ಗೆದ್ದವರು ಅವರು. ವಾರಿಯರ್ಸ್ ಆಟಗಾರರ ಕೈಸನ್ನೆ, ಯೋಜನೆಗಳ ಹೆಸರು, ಯಾರಿಗೆ ಯಾವಾಗ ಸಿಟ್ಟು ಬರುತ್ತದೆ ಎಂಬುದೂ ಅವರಿಗೆ ಗೊತ್ತು. 2015ರ ಪ್ರಶಸ್ತಿ ಗೆದ್ದ ವಾರಿಯರ್ಸ್‌ನಲ್ಲಿದ್ದ ಹ್ಯಾರಿಸನ್ ಬಾರ್ನ್ಸ್ ಈಗ ಅವರ ತಂಡದಲ್ಲಿದ್ದಾರೆ.

ಆದರೂ ಈ ಅನುಕೂಲ ಮೊದಲೆರಡು ಪಂದ್ಯಗಳಿಗೆ ಸೀಮಿತವೆಂದು ನನಗೆ ತೋರುತ್ತದೆ. ಏಳು ಪಂದ್ಯಗಳ ಸರಣಿಯಲ್ಲಿ ಮೂರನೆಯ ಪಂದ್ಯದ ಹೊತ್ತಿಗೆ ಎರಡೂ ಕಡೆಯವರಿಗೆ ಎಲ್ಲವೂ ಗೊತ್ತಾಗಿರುತ್ತದೆ. ಗೊತ್ತಿರುವುದು ಬೇರೆ, ತಡೆಯುವುದು ಬೇರೆ. ಕರಿ ಎಲ್ಲಿಂದ ಎಸೆಯುತ್ತಾರೆಂಬುದು ಹತ್ತು ವರ್ಷಗಳಿಂದ ಎಲ್ಲರಿಗೂ ಗೊತ್ತಿದೆ. ಬ್ರೌನ್ ಅವರ ನಿಜವಾದ ತಲೆನೋವು ಅವರದೇ ರಕ್ಷಣೆ. ಅಂಕ ಬಿಟ್ಟುಕೊಡದಿರುವುದರಲ್ಲಿ ಕಿಂಗ್ಸ್ ಮೂವತ್ತು ತಂಡಗಳ ಪೈಕಿ ಕೆಳಗಿನ ಸಾಲಿನಲ್ಲಿದೆ.

ಪ್ರಶ್ನೆ: ಕಿಂಗ್ಸ್ ಗೆದ್ದಾಗಲೆಲ್ಲ ಆಕಾಶಕ್ಕೆ ನೇರಳೆ ಬೆಳಕು ಬಿಡುವುದೇಕೆ? ಈ ತಂಡಕ್ಕೂ ಭಾರತಕ್ಕೂ ಸಂಬಂಧವಿದೆಯೇ?

ಉತ್ತರ: ನೇರಳೆ ಅವರ ತಂಡದ ಬಣ್ಣ. ಗೋಲ್ಡನ್ 1 ಸೆಂಟರ್ ಕ್ರೀಡಾಂಗಣದ ಮೇಲಿನಿಂದ ಲೇಸರ್ ಬೆಳಕನ್ನು ಬಿಡುವ ಪದ್ಧತಿ ಇದೇ ಋತುವಿನಲ್ಲಿ ಶುರುವಾಯಿತು, ಅಭಿಮಾನಿಗಳ ಘೋಷಣೆಯೂ ಆಯಿತು. ತಂಡದ ಮುಖ್ಯ ಮಾಲೀಕ ವಿವೇಕ್ ರಣದಿವೆ ಮುಂಬೈಯಲ್ಲಿ ಹುಟ್ಟಿದವರು. ಮೊದಲು ವಾರಿಯರ್ಸ್‌ನಲ್ಲಿ ಪಾಲುದಾರರಾಗಿದ್ದು, ಆ ಪಾಲನ್ನು ಬಿಟ್ಟು 2013ರಲ್ಲಿ ಕಿಂಗ್ಸ್ ಕೊಂಡರು. 2019ರ ಅಕ್ಟೋಬರ್‌ನಲ್ಲಿ ಕಿಂಗ್ಸ್ ಮುಂಬೈಗೆ ಬಂದು ಇಂಡಿಯಾನ ಪೇಸರ್ಸ್ ಜೊತೆ ಎರಡು ಅಭ್ಯಾಸ ಪಂದ್ಯಗಳನ್ನು ಆಡಿತ್ತು. ಸಬೋನಿಸ್ ಆಗ ಎದುರಾಳಿ ಪೇಸರ್ಸ್ ಆಟಗಾರ.

ಪ್ರಶ್ನೆ: ಕೊನೆಗೆ ಗೆಲ್ಲುವವರು ಯಾರು? ಸುತ್ತಿ ಬಳಸದೆ ಹೇಳಿ.

ಉತ್ತರ: ವಾರಿಯರ್ಸ್, ಆರು ಪಂದ್ಯಗಳಲ್ಲಿ. ಮೊದಲ ಪಂದ್ಯವನ್ನು ಕಿಂಗ್ಸ್ ಗೆಲ್ಲಬಹುದು. ಹದಿನೇಳು ವರ್ಷ ಕಾದ ಪ್ರೇಕ್ಷಕರ ಕೂಗಿನ ನಡುವೆ ಆ ರಾತ್ರಿ ಯಾವ ತಂಡಕ್ಕೂ ಸುಲಭವಲ್ಲ. ಆದರೆ ಪ್ಲೇಆಫ್‌ನಲ್ಲಿ ವೇಗ ತಗ್ಗುತ್ತದೆ, ಅರ್ಧ ಅಂಗಣದ ಆಟ ಹೆಚ್ಚುತ್ತದೆ, ಅಲ್ಲಿ ಕಿಂಗ್ಸ್ ರಕ್ಷಣೆಗೆ ಉತ್ತರವಿಲ್ಲ. ಎರಡನೆಯ ಅಥವಾ ಐದನೆಯ ಪಂದ್ಯವನ್ನು ವಾರಿಯರ್ಸ್ ಕಸಿದುಕೊಂಡು, ಆರನೆಯದನ್ನು ತನ್ನ ಊರಿನಲ್ಲಿ ಮುಗಿಸುತ್ತದೆ. ಆರರಲ್ಲಿ ಮುಗಿಯದೆ ಏಳಕ್ಕೆ ಹೋದರೆ, ಆ ಕೊನೆಯ ಪಂದ್ಯ ಸ್ಯಾಕ್ರಮೆಂಟೊದಲ್ಲಿ ನಡೆಯುವುದರಿಂದ, ನನ್ನ ಈ ಭರವಸೆಯಲ್ಲಿ ಅರ್ಧವನ್ನು ಈಗಲೇ ಹಿಂದಕ್ಕೆ ಪಡೆಯುತ್ತೇನೆ.