ತೆಂಗಿನ ಬುಡ ಕೆಟ್ಟಿದೆ: ಅಣಬೆ ರೋಗವೋ, ಮುಳ್ಳುಹಂದಿಯೋ?

ತಿಪಟೂರು, ಗುಬ್ಬಿ ಕಡೆಯ ತೋಟಗಳಲ್ಲಿ ಎರಡೂ ಉಂಟು. ಬುಡದಲ್ಲಿ ಉಳಿಯಿಂದ ಕೆತ್ತಿದಂಥ ಜೋಡಿ ಹಲ್ಲಿನ ಗುರುತು, ಉದುರಿದ ಮುಳ್ಳು ಕಂಡರೆ ಮುಳ್ಳುಹಂದಿ. ರಾತ್ರಿ ಬಂದು ಹೋಗಿರುತ್ತದೆ. ಬುಡದ ಸುತ್ತ ತಂತಿ ಜಾಲರಿ ಕಟ್ಟಿರಿ. ಮುಳ್ಳುಹಂದಿಯನ್ನು ಕೊಲ್ಲುವುದು ಅಪರಾಧ.

ಗ್ಯಾನೋಡರ್ಮ ಶಿಲೀಂಧ್ರದ ಅಣಬೆ ರೋಗಕ್ಕೆ ಇಂಥ ಗಾಯವಿರದು. ಬುಡದಿಂದ ಕೆಂಗಂದು ರಸ ಸೋರುತ್ತದೆ, ಹೊರಸುತ್ತಿನ ಗರಿ ಹಳದಿಯಾಗಿ ಜೋತುಬೀಳುತ್ತದೆ. ಅಣಬೆ ಮೂಡಲೆಂದು ಕಾಯಬೇಡಿ, ಅಷ್ಟರಲ್ಲಿ ಬೇರು ಕೊಳೆತಿರುತ್ತದೆ. ಮರವೊಂದಕ್ಕೆ 2 ಮಿ.ಲೀ. ಹೆಕ್ಸಾಕೊನಜೋಲ್ ಶಿಲೀಂಧ್ರನಾಶಕವನ್ನು 100 ಮಿ.ಲೀ. ನೀರಿಗೆ ಬೆರೆಸಿ, ಮೂರು ತಿಂಗಳಿಗೊಮ್ಮೆ ಬೇರಿನ ಮೂಲಕ ಉಣಿಸಿ (ಬೇರಿನ ತುದಿ ಕತ್ತರಿಸಿ, ದ್ರಾವಣವಿರುವ ಚೀಲದಲ್ಲಿ ಅದ್ದಿ ಕಟ್ಟಬೇಕು). ಉಣಿಸುವ ಮೊದಲು ಕಾಯಿ ಇಳಿಸಿಕೊಳ್ಳಿ. ಉಣಿಸಿದ ಮೇಲೆ 45 ದಿನ ಕೀಳಬಾರದು. ಮರವೊಂದಕ್ಕೆ ವರ್ಷಕ್ಕೆ 5 ಕೆಜಿ ಬೇವಿನ ಹಿಂಡಿ ಹಾಕಿ. ರೋಗದ ಮರದ ಪಾತಿಯ ನೀರು ಪಕ್ಕದ ಮರಕ್ಕೆ ಹರಿಯದಂತೆ ನೋಡಿಕೊಳ್ಳಿ, ಬಹಳ ಜನ ಎಡವುವುದು ಇಲ್ಲೇ.